ಬ್ರೇಕ್ ಆಯಿಲ್‌ಗೆ ಎಷ್ಟು ವರ್ಷವಾಯಿತು?

ಹೊಸ ಕಾರು ನೋಡಲು ಷೋರೂಮಿಗೆ ಹೋದವರು ಬ್ರೇಕಿನ ಬಗ್ಗೆ ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ: ಹಿಂದಿನ ಚಕ್ರಗಳಿಗೂ ಡಿಸ್ಕ್ ಇದೆಯೇ, ಇಲ್ಲ ಬರೀ ಡ್ರಮ್ಮೇ? ಡ್ರಮ್ ಎಂದ ಕೂಡಲೇ ಕಂಪನಿ ದುಡ್ಡು ಉಳಿಸಿದೆ, ನಮ್ಮ ಜೀವದ ಜೊತೆ ಚೌಕಾಸಿ ಮಾಡಿದೆ ಎಂಬ ಅನುಮಾನ ಏಳುತ್ತದೆ. ಅದೇ ಕಾರು ಮನೆಗೆ ಬಂದು ನಾಲ್ಕೈದು ವರ್ಷ ಕಳೆದ ಮೇಲೆ, ಬ್ರೇಕ್ ಆಯಿಲ್ ಬದಲಾಯಿಸಿ ಎಷ್ಟು ದಿನವಾಯಿತು ಎಂದು ಕೇಳಿ ನೋಡಿ. ಬಹಳ ಮಂದಿಯ ಬಳಿ ಉತ್ತರ ಇರುವುದಿಲ್ಲ. ಅದನ್ನು ಬದಲಾಯಿಸಬೇಕು ಎಂಬುದೇ ಅನೇಕರಿಗೆ ಗೊತ್ತಿರುವುದಿಲ್ಲ. ಸಾಧಾರಣ ಕಾರೊಂದರಲ್ಲಿ ಹಿಂದೆ ಡ್ರಮ್ ಇದೆಯೋ ಡಿಸ್ಕ್ ಇದೆಯೋ ಎಂಬುದು ನಾವು ಅಂದುಕೊಂಡಷ್ಟು ದೊಡ್ಡ ವಿಷಯವಲ್ಲ ಎಂಬುದು ನನ್ನ ವಾದ. ಇರುವ ಬ್ರೇಕು ತನ್ನಲ್ಲಿ ಹುಟ್ಟುವ ಬಿಸಿಯನ್ನು ತಾಳಿಕೊಳ್ಳುವ ಸ್ಥಿತಿಯಲ್ಲಿದೆಯೇ ಎಂಬುದು ಅದಕ್ಕಿಂತ ದೊಡ್ಡ ವಿಷಯ. ಆ ಸ್ಥಿತಿಯನ್ನು ನಿರ್ಧರಿಸುವುದು ಕಣ್ಣಿಗೆ ಬೀಳದ, ಸರ್ವಿಸ್ ಬಿಲ್ಲಿನಲ್ಲಿ ಅಷ್ಟೇನೂ ಭಾರವಲ್ಲದ ಕೆಲವು ಭಾಗಗಳು.

ಬಿಸಿಯ ಲೆಕ್ಕದಿಂದಲೇ ಶುರು ಮಾಡೋಣ. ಓಡುವ ಕಾರನ್ನು ನಿಲ್ಲಿಸಬೇಕಾದರೆ ಅದರಲ್ಲಿರುವ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಬ್ರೇಕು ಅದನ್ನು ತಿಕ್ಕಾಟದಿಂದ ಬಿಸಿಯಾಗಿ ಮಾರ್ಪಡಿಸಿ ಗಾಳಿಗೆ ಬಿಡುತ್ತದೆ. ಜನ, ಸಾಮಾನು ಎಲ್ಲ ಸೇರಿ 1200 ಕಿಲೋ ತೂಗುವ ಚಿಕ್ಕ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿದ್ದಾಗ ಅದರಲ್ಲಿರುವ ಚಲನಶಕ್ತಿ ಸುಮಾರು 4.6 ಲಕ್ಷ ಜೂಲ್. ಒಂದೂವರೆ ಲೀಟರಿನಷ್ಟು ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಇಷ್ಟು ಶಕ್ತಿ ಬೇಕು. ಅಡುಗೆಮನೆಯ ಒಲೆ ಹಲವು ನಿಮಿಷ ತೆಗೆದುಕೊಳ್ಳುವ ಈ ಕೆಲಸವನ್ನು ಬ್ರೇಕು ನಾಲ್ಕೈದು ಸೆಕೆಂಡಿನಲ್ಲಿ ಮಾಡಿ ಮುಗಿಸುತ್ತದೆ. ಇನ್ನೊಂದು ಸಂಗತಿ: ಶಕ್ತಿ ಏರುವುದು ವೇಗದ ವರ್ಗಕ್ಕೆ ತಕ್ಕಂತೆ. 80ರ ಬದಲು 100ರಲ್ಲಿ ಓಡಿಸುವವರು ವೇಗವನ್ನು ಕಾಲು ಭಾಗ ಹೆಚ್ಚಿಸಿರುತ್ತಾರೆ. ಬ್ರೇಕಿನ ಮೇಲಿನ ಹೊರೆ ಮಾತ್ರ ಅರ್ಧಕ್ಕಿಂತ ಹೆಚ್ಚು ಏರಿರುತ್ತದೆ. ಮುಂದಿನ ಚಕ್ರದ ಒಂದೊಂದು ಡಿಸ್ಕು ಐದು ಕಿಲೋ ಇದೆ ಎಂದಿಟ್ಟುಕೊಂಡರೆ, ಇಂಥ ಒಂದೇ ಒಂದು ನಿಲುಗಡೆಗೆ ಅದರ ಉಷ್ಣತೆ 70 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಏರುತ್ತದೆ. ಒಂದು ಸಲಕ್ಕೆ ಇದು ಏನೂ ಅಲ್ಲ. ಆರಲು ಬಿಡದೆ ಐದಾರು ಸಲ ಹೀಗೆ ಮಾಡಿದರೆ ಕಥೆ ಬೇರೆ.

ಕಾಲಿನ ಒತ್ತಡ ಚಕ್ರಕ್ಕೆ ತಲುಪುವುದು ದ್ರವದ ಮೂಲಕ. ಪೆಡಲ್ ಒಂದು ಸನ್ನೆಗೋಲು. ನಾಲ್ಕೈದು ಪಟ್ಟು ಬಲ ಅಲ್ಲೇ ಹೆಚ್ಚುತ್ತದೆ. ಅದರ ಹಿಂದಿರುವ ಬೂಸ್ಟರ್ ಎಂಬ ದುಂಡನೆಯ ಡಬ್ಬಿ ಎಂಜಿನ್ ಹುಟ್ಟಿಸುವ ನಿರ್ವಾತದ ನೆರವಿನಿಂದ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಆಮೇಲೆ ಮಾಸ್ಟರ್ ಸಿಲಿಂಡರ್ ಆ ಬಲವನ್ನು ದ್ರವದ ಒತ್ತಡವಾಗಿ ಮಾಡಿ, ಸಣ್ಣ ಉಕ್ಕಿನ ಪೈಪುಗಳಲ್ಲಿ ನಾಲ್ಕೂ ಚಕ್ರಗಳಿಗೆ ಕಳಿಸುತ್ತದೆ. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬ ಪ್ಯಾಸ್ಕಲನ ನಿಯಮವೇ ಇಲ್ಲಿ ಕೆಲಸ ಮಾಡುವುದು. ಮೊದಲೆಲ್ಲ ಈ ಕೆಲಸಕ್ಕೆ ಸರಳುಗಳು, ತಂತಿಗಳು ಇದ್ದವು. ಒಂದು ತಂತಿ ಸಡಿಲವಾದರೆ ಕಾರು ಒಂದು ಪಕ್ಕಕ್ಕೆ ಎಳೆಯುತ್ತಿತ್ತು. ಮಾಲ್ಕಮ್ ಲಾಕ್‌ಹೀಡ್ ಎಂಬ ಅಮೆರಿಕನ್ ರೂಪಿಸಿದ ದ್ರವದ ಬ್ರೇಕು 1921ರ ಡ್ಯೂಸನ್‌ಬರ್ಗ್ ಕಾರಿನ ನಾಲ್ಕೂ ಚಕ್ರಗಳಿಗೆ ಬಂತು. ಈಗಿನ ಕಾರುಗಳಲ್ಲಿ ದ್ರವದ ದಾರಿ ಎರಡು ಭಾಗವಾಗಿರುತ್ತದೆ. ಮುಂದಿನ ಚಕ್ರದ ಚಾಲನೆಯಿರುವ ಚಿಕ್ಕ ಕಾರುಗಳಲ್ಲಿ ಹೆಚ್ಚಾಗಿ ಎಡ ಮುಂದಿನದಕ್ಕೂ ಬಲ ಹಿಂದಿನದಕ್ಕೂ ಒಂದು ದಾರಿ, ಉಳಿದೆರಡಕ್ಕೆ ಇನ್ನೊಂದು. ಒಂದು ಪೈಪು ಒಡೆದು ಸೋರಿದರೂ ಇನ್ನೊಂದು ಜೋಡಿ ಉಳಿದಿರುತ್ತದೆ.

ಡ್ರಮ್ ಬ್ರೇಕನ್ನು ಒಮ್ಮೆ ಬಿಚ್ಚಿ ನೋಡಬೇಕು. ಚಕ್ರ ತೆಗೆದು, ಅದರ ಹಿಂದಿನ ಬೀಡಿನ ಬಟ್ಟಲನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಎಳೆದರೆ ಒಳಗೆ ಅರ್ಧಚಂದ್ರಾಕಾರದ ಎರಡು ಶೂಗಳು ಬೆನ್ನು ಹೊರಗೆ ಮಾಡಿ ನಿಂತಿರುತ್ತವೆ. ಬೆನ್ನಿಗೆ ಅಂಟಿಸಿದ್ದು ಲೈನರ್. ಮೇಲ್ಗಡೆ ಬೆರಳುದ್ದದ ವೀಲ್ ಸಿಲಿಂಡರ್; ದ್ರವ ನುಗ್ಗಿದಾಗ ಅದರ ಎರಡೂ ತುದಿಯ ಪಿಸ್ಟನ್‌ಗಳು ಶೂಗಳನ್ನು ಅಗಲಿಸಿ ಡ್ರಮ್ಮಿನ ಒಳಗೋಡೆಗೆ ಒತ್ತುತ್ತವೆ. ಕಾಲು ತೆಗೆದರೆ ಸ್ಪ್ರಿಂಗುಗಳು ಹಿಂದಕ್ಕೆಳೆಯುತ್ತವೆ. ಇದರಲ್ಲೊಂದು ಜಾಣತನವಿದೆ. ಡ್ರಮ್ ತಿರುಗುವ ದಿಕ್ಕಿಗೆ ಒದಗುವ ಶೂವನ್ನು ತಿಕ್ಕಾಟವೇ ಎಳೆದುಕೊಂಡು ಇನ್ನಷ್ಟು ಬಿಗಿಯಾಗಿ ಒತ್ತುತ್ತದೆ. ಹೀಗಾಗಿ ಕಡಿಮೆ ಬಲಕ್ಕೆ ಹೆಚ್ಚು ಹಿಡಿತ ಸಿಗುತ್ತದೆ; ಬೂಸ್ಟರ್ ಇಲ್ಲದ ಹಳೆಯ ಕಾರುಗಳು ನಿಲ್ಲುತ್ತಿದ್ದದ್ದು ಇದರ ದಯೆಯಿಂದ. ಹ್ಯಾಂಡ್ ಬ್ರೇಕಿಗೂ ಇದೇ ಶೂಗಳು ಸಾಕು, ಒಂದು ಕೇಬಲ್ ಎಳೆದರಾಯಿತು. ಕೊರತೆಯೂ ಇದೇ ರಚನೆಯಲ್ಲಿದೆ. ಬಿಸಿ ಹುಟ್ಟುವುದು ಒಳಗೆ, ಗಾಳಿ ಇರುವುದು ಹೊರಗೆ. ಬಿಸಿಯಾದ ಡ್ರಮ್ ಹಿಗ್ಗುತ್ತದೆ: 200 ಮಿ.ಮೀ. ವ್ಯಾಸದ ಡ್ರಮ್ 300 ಡಿಗ್ರಿ ಬಿಸಿಯೇರಿದರೆ ಅದರ ವ್ಯಾಸ ಅರ್ಧ ಮಿಲಿಮೀಟರಿಗಿಂತ ಹೆಚ್ಚು ದೊಡ್ಡದಾಗುತ್ತದೆ. ಎಂದರೆ ಗೋಡೆ ಶೂವಿನಿಂದ ದೂರ ಸರಿಯುತ್ತದೆ, ಪೆಡಲ್ ಇನ್ನೂ ಆಳಕ್ಕೆ ಹೋಗುತ್ತದೆ.

ಡಿಸ್ಕಿನ ರಚನೆ ಇದಕ್ಕಿಂತ ಸರಳ. ಚಕ್ರದ ಜೊತೆ ತಿರುಗುವ ಬೀಡಿನ ತಟ್ಟೆಯನ್ನು ಎರಡೂ ಕಡೆಯಿಂದ ಪ್ಯಾಡ್‌ಗಳು ಅಮುಕಿ ಹಿಡಿಯುತ್ತವೆ. ಅವನ್ನು ಹೊತ್ತಿರುವುದು ಕ್ಯಾಲಿಪರ್. ತಟ್ಟೆ ಗಾಳಿಗೆ ಮೈಯೊಡ್ಡಿರುವುದರಿಂದ ಬೇಗ ಆರುತ್ತದೆ. ಮುಂದಿನ ಡಿಸ್ಕುಗಳು ಎರಡು ಪದರದವಾಗಿದ್ದರೆ ನಡುವಿನ ಸಂದುಗಳಿಂದಲೂ ಗಾಳಿ ಹಾಯುತ್ತದೆ. ಬಿಸಿಗೆ ಡಿಸ್ಕು ದಪ್ಪವಾದರೆ ಪ್ಯಾಡಿನ ಕಡೆಗೇ ಹಿಗ್ಗುತ್ತದೆ, ದೂರ ಹೋಗುವುದಿಲ್ಲ. ಇಲ್ಲಿ ನೋಡಲೇಬೇಕಾದ ವಸ್ತುವೆಂದರೆ ಪಿಸ್ಟನ್ನಿನ ಸುತ್ತ ಕೂತಿರುವ ರಬ್ಬರ್ ಉಂಗುರ. ಅದು ದುಂಡಗಿರುವುದಿಲ್ಲ, ಕತ್ತರಿಸಿ ನೋಡಿದರೆ ಚೌಕಾಕಾರ. ಬ್ರೇಕ್ ಒತ್ತಿದಾಗ ಪಿಸ್ಟನ್ ಮುಂದೆ ಸರಿಯುತ್ತದೆ, ಅದನ್ನು ಕಚ್ಚಿಕೊಂಡ ಉಂಗುರ ಕೊಂಚ ತಿರುಚಿಕೊಳ್ಳುತ್ತದೆ. ಒತ್ತಡ ಇಳಿದಾಗ ಉಂಗುರ ತನ್ನ ಆಕಾರಕ್ಕೆ ಮರಳುತ್ತಾ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ತರುತ್ತದೆ. ಡಿಸ್ಕ್ ಬ್ರೇಕಿನಲ್ಲಿ ಪ್ಯಾಡನ್ನು ಬಿಡಿಸಲು ಮುಖ್ಯವಾಗಿ ಇರುವುದು ಇಷ್ಟೇ. ಪ್ಯಾಡ್ ಸವೆದಂತೆ ಪಿಸ್ಟನ್ ಉಂಗುರದೊಳಗೆ ಜಾರಿ ಹೊಸ ಜಾಗದಲ್ಲಿ ನಿಲ್ಲುತ್ತದೆ. ಹಾಗಾಗಿ ಡಿಸ್ಕಿಗೆ ಬೇರೆ ಅಡ್ಜಸ್ಟ್‌ಮೆಂಟ್ ಬೇಕಿಲ್ಲ. ಈ ಉಂಗುರ ಗಡುಸಾದರೆ, ಪಿಸ್ಟನ್ನಿಗೆ ತುಕ್ಕು ಹಿಡಿದರೆ ಪ್ಯಾಡ್ ಡಿಸ್ಕನ್ನು ಬಿಡದೆ ಉಜ್ಜುತ್ತಲೇ ಇರುತ್ತದೆ.

ಈ ಎರಡರಲ್ಲಿ ಡಿಸ್ಕು ಹೊಸದು, ಡ್ರಮ್ಮು ಹಳೆಯದು ಎಂಬ ಕಲ್ಪನೆ ಸರಿಯಲ್ಲ. ಲೂಯಿ ರೆನೋ ಡ್ರಮ್ ಬ್ರೇಕಿಗೆ ರೂಪ ಕೊಟ್ಟದ್ದೂ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದದ್ದೂ 1902ರಲ್ಲೇ. ಲ್ಯಾಂಚೆಸ್ಟರನ ಬಳಿ ತಕ್ಕ ಘರ್ಷಣ ವಸ್ತು ಇರಲಿಲ್ಲ, ಡ್ರಮ್ ಗೆದ್ದಿತು. ಡಿಸ್ಕಿನ ಮೇಲ್ಮೆ ಲೋಕಕ್ಕೆ ಗೊತ್ತಾದದ್ದು 1953ರಲ್ಲಿ, ಫ್ರಾನ್ಸಿನ ಲ ಮಾನ್ಸ್‌ನ 24 ಗಂಟೆಗಳ ರೇಸಿನಲ್ಲಿ. ಡನ್‌ಲಪ್ ಡಿಸ್ಕ್ ಬ್ರೇಕ್ ಹಾಕಿದ ಜಾಗ್ವಾರ್ ಸಿ-ಟೈಪ್ ಅಲ್ಲಿ ಗೆದ್ದಿತು. ಆ ಟ್ರ್ಯಾಕಿನಲ್ಲಿ ಒಂದು ಬಹು ಉದ್ದದ ನೇರ ರಸ್ತೆ, ಅದರ ಕೊನೆಗೆ ಬಿಗಿ ತಿರುವು. ಪ್ರತಿ ಸುತ್ತಿನಲ್ಲೂ ಗರಿಷ್ಠ ವೇಗದಿಂದ ಒಮ್ಮೆಲೇ ಇಳಿಯಬೇಕು, ಹಾಗೆ ಇಡೀ ಹಗಲು ರಾತ್ರಿ. ಡ್ರಮ್ ಕಾರುಗಳು ಬ್ರೇಕು ಉಳಿಸಿಕೊಳ್ಳಲು ಮುಂಚೆಯೇ ವೇಗ ಇಳಿಸಬೇಕಿತ್ತು, ಜಾಗ್ವಾರ್ ತಡವಾಗಿ ಇಳಿಸಬಹುದಿತ್ತು. ಗೆಲುವು ತಂದದ್ದು ಒಂದು ಸಲದ ಹಿಡಿತವಲ್ಲ. ಮತ್ತೆ ಮತ್ತೆ ಬಂದ ಬಿಸಿಯನ್ನು ಕಳೆದುಕೊಳ್ಳುವ ಸಾಮರ್ಥ್ಯ. ಎರಡು ವರ್ಷದ ಬಳಿಕ, 1955ರಲ್ಲಿ, ಸಿಟ್ರೊಯೆನ್ ಡಿಎಸ್ ಎಂಬ ಕಾರು ಡಿಸ್ಕನ್ನು ಸಾವಿರಾರು ಸಾಮಾನ್ಯ ಗ್ರಾಹಕರ ಮನೆಗೆ ತಂದಿತು. ಕಾಲಕ್ಕಿಂತ ಮುಂದಿದ್ದ ಕಾರು ಎಂದು ಇಂದಿಗೂ ಹೊಗಳಿಸಿಕೊಳ್ಳುವ ಆ ಡಿಎಸ್‌ನಲ್ಲಿ ಡಿಸ್ಕಿದ್ದದ್ದು ಮುಂದಿನ ಚಕ್ರಗಳಿಗೆ ಮಾತ್ರ. ಹಿಂದೆ ಡ್ರಮ್!

ಹಾಗೆ ಮಾಡಿದ್ದಕ್ಕೆ ಕಾರಣವಿದೆ. ಬ್ರೇಕ್ ಒತ್ತಿದಾಗ ಕಾರಿನ ಮೂತಿ ಕೆಳಗೆ ಬಾಗುವುದನ್ನು ಎಲ್ಲರೂ ನೋಡಿದ್ದೇವೆ. ತೂಕ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ, ಹಿಂದಿನವು ಹಗುರಾಗುತ್ತವೆ. ಎಂಜಿನ್ ಮುಂದಿರುವ ಚಿಕ್ಕ ಕಾರನ್ನು ಜೋರಾಗಿ ನಿಲ್ಲಿಸುವಾಗ ಕೆಲಸದ ಶೇಕಡ 70ರಿಂದ 80 ಪಾಲನ್ನು ಮುಂದಿನ ಜೋಡಿಯೇ ಮಾಡುತ್ತದೆ. ಹಿಂದಿನ ಚಕ್ರಕ್ಕೆ ರಸ್ತೆಯ ಮೇಲೆ ಹಿಡಿತವೇ ಕಡಿಮೆ ಇರುವಾಗ ಅಲ್ಲಿ ಎಷ್ಟು ಬಲವಾದ ಬ್ರೇಕು ಇಟ್ಟರೂ ಪ್ರಯೋಜನವಿಲ್ಲ. ಹೆಚ್ಚು ಒತ್ತಿದರೆ ಚಕ್ರ ಲಾಕ್ ಆಗಿ ಕಾರಿನ ಹಿಂಭಾಗ ಪಕ್ಕಕ್ಕೆ ಜಾರುತ್ತದೆ. ಹಾಗಾಗಬಾರದೆಂದೇ ಎಂಜಿನಿಯರುಗಳು ಹಿಂದಕ್ಕೆ ಹೋಗುವ ಒತ್ತಡಕ್ಕೆ ಬೇಕೆಂದೇ ಕಡಿವಾಣ ಹಾಕಿರುತ್ತಾರೆ. ನಾಲ್ಕು ಡಿಸ್ಕಿನ ಕಾರು ಬೇಗ ನಿಲ್ಲುತ್ತದೆ ಎಂಬ ನಂಬಿಕೆ ಸೋಲುವುದು ಇಲ್ಲಿ. ತಣ್ಣಗಿರುವ ಬ್ರೇಕಿನಿಂದ ಒಂದೇ ಸಲ ನಿಲ್ಲಿಸುವಾಗ ದೂರವನ್ನು ನಿರ್ಧರಿಸುವುದು ಟೈರು ಮತ್ತು ರಸ್ತೆ. ಸವೆದ ಟೈರಿನ ಮೇಲೆ ನಾಲ್ಕು ಡಿಸ್ಕ್ ಇಟ್ಟುಕೊಂಡವರಿಗಿಂತ ಒಳ್ಳೆಯ ಟೈರಿನ ಮೇಲೆ ಎರಡು ಡಿಸ್ಕ್, ಎರಡು ಡ್ರಮ್ ಇಟ್ಟುಕೊಂಡವರು ಮಳೆಯಲ್ಲಿ ಮೊದಲು ನಿಲ್ಲುತ್ತಾರೆ.

ಹಾಗಾದರೆ ದುಬಾರಿ ಕಾರುಗಳಿಗೆಲ್ಲ ಹಿಂದೆಯೂ ಡಿಸ್ಕ್ ಏಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅವು ಭಾರವಾದವು, ವೇಗವಾದವು. ಒಂದೊಂದು ಸಲ ನಿಲ್ಲುವಾಗಲೂ ಹುಟ್ಟುವ ಬಿಸಿ ಹೆಚ್ಚು, ಹಿಂದಿನ ಪಾಲೂ ಹೆಚ್ಚು. ಏಳು ಜನರನ್ನು ತುಂಬಿಕೊಂಡು ಆಗಾಗ ಘಾಟಿ ಇಳಿಯುವ ಎಸ್‌ಯುವಿಗೆ ಹಿಂದಿನ ಡಿಸ್ಕ್ ನಿಜವಾದ ಅನುಕೂಲ, ಅದನ್ನು ಅಲ್ಲಗಳೆಯಲಾಗದು. ಪ್ಯಾಡ್ ಎಷ್ಟು ಸವೆದಿದೆ ಎಂದು ನೋಡುವುದೂ ಬದಲಾಯಿಸುವುದೂ ಡಿಸ್ಕಿನಲ್ಲಿ ಸುಲಭ. ನೀರು ತುಂಬಿದ ರಸ್ತೆ ದಾಟಿದ ಮೇಲೆ ಡಿಸ್ಕು ಬೇಗ ಒಣಗುತ್ತದೆ, ಡ್ರಮ್ಮಿನೊಳಗೆ ಹೊಕ್ಕ ನೀರು ಅಷ್ಟು ಬೇಗ ಹೋಗುವುದಿಲ್ಲ. ಅಂಥ ರಸ್ತೆ ದಾಟಿದವರು ನಿಧಾನವಾಗಿ ಹೋಗುತ್ತಾ ಪೆಡಲನ್ನು ನಾಲ್ಕಾರು ಸಲ ಹಗುರಾಗಿ ಒತ್ತಿ ಶೂ ಒಣಗಿಸಿಕೊಳ್ಳಬೇಕು. ಇಷ್ಟಿದ್ದರೂ, ಊರೊಳಗೆ, ಹೆದ್ದಾರಿಯಲ್ಲಿ ಓಡುವ 1000 ಕಿಲೋ ಆಸುಪಾಸಿನ ಕಾರಿಗೆ ಹಿಂದಿನ ಡ್ರಮ್ ಎಂಬುದು ಕಳಪೆ ಕೆಲಸವಲ್ಲ. ಧೂಳು, ಕೆಸರಿನಿಂದ ಒಳಭಾಗ ಬಹುಪಾಲು ಮರೆಯಾಗಿರುವುದರಿಂದ ನಮ್ಮ ರಸ್ತೆಗಳಲ್ಲಿ ಶೂಗಳು ಪ್ಯಾಡ್‌ಗಳಿಗಿಂತ ಎಷ್ಟೋ ಹೆಚ್ಚು ಬಾಳುತ್ತವೆ.

ನಿಜವಾದ ಪರೀಕ್ಷೆ ಇರುವುದು ಇಳಿಜಾರಿನಲ್ಲಿ. ಬೆಂಗಳೂರು, ಮೈಸೂರು ಕಡೆಯಿಂದ ಊಟಿಗೆ ಹೋಗುವವರಿಗೆ ಮಸಿನಗುಡಿ ಮೇಲಿನ ಕಲ್ಲಟ್ಟಿ ಘಾಟಿ ಗೊತ್ತು. 36 ಹೇರ್‌ಪಿನ್ ತಿರುವುಗಳ ಕಡಿದಾದ ದಾರಿ. ಅಪಘಾತಗಳು ಹೆಚ್ಚಿದ್ದರಿಂದ ಹೊರಗಿನ ಪ್ರವಾಸಿಗರ ವಾಹನಗಳಿಗೆ ಅಲ್ಲಿ ನಿರ್ಬಂಧ ಇರುವುದು ಇಳಿಯುವುದಕ್ಕೆ, ಹತ್ತುವುದಕ್ಕಲ್ಲ. ಲೆಕ್ಕ ಹಾಕಿ ನೋಡಿದರೆ ಅದರ ಕಾರಣ ಅರ್ಥವಾಗುತ್ತದೆ. ಊಟಿಗೂ ಮಸಿನಗುಡಿಗೂ ಎತ್ತರದ ವ್ಯತ್ಯಾಸ ಸಾವಿರ ಮೀಟರಿಗಿಂತ ಹೆಚ್ಚು. 1200 ಕಿಲೋ ಕಾರು ಸಾವಿರ ಮೀಟರ್ ಇಳಿದರೆ ಕಳೆಯಬೇಕಾದ ಶಕ್ತಿ ಸುಮಾರು 118 ಲಕ್ಷ ಜೂಲ್, 100 ಕಿ.ಮೀ. ವೇಗದಿಂದ 25 ಸಲ ಪೂರ್ತಿ ನಿಲ್ಲಿಸಿದಷ್ಟು. ಗಾಳಿ ಮತ್ತು ಟೈರುಗಳು ಅದರಲ್ಲಿ ಒಂದಿಷ್ಟನ್ನು ನುಂಗುತ್ತವೆ. ಉಳಿದದ್ದನ್ನು ಎಂಜಿನ್ ಹೊರದಿದ್ದರೆ ಬ್ರೇಕೇ ಹೊರಬೇಕು, ಅದೂ ನಿಧಾನವಾಗಿ ಚಲಿಸುವ, ಹೆಚ್ಚು ಗಾಳಿ ತಾಗದ ಸ್ಥಿತಿಯಲ್ಲಿ. ಆಗುಂಬೆ, ಚಾರ್ಮಾಡಿ, ಶಿರಾಡಿ, ಹುಲಿಕಲ್ ಯಾವ ಘಾಟಿಗೂ ಇದೇ ಲೆಕ್ಕ ಅನ್ವಯಿಸುತ್ತದೆ, ಎತ್ತರದಲ್ಲಷ್ಟೇ ವ್ಯತ್ಯಾಸ.

ಬಿಸಿ ಮಿತಿಮೀರಿದಾಗ ಎರಡು ಬಗೆಯ ಸೋಲುಗಳಿವೆ. ಎರಡನ್ನೂ ನಾವು ಬ್ರೇಕ್ ಫೇಲ್ ಎಂದು ಒಂದೇ ಹೆಸರಿನಿಂದ ಕರೆಯುತ್ತೇವೆ. ಮೊದಲನೆಯದರಲ್ಲಿ ಪ್ಯಾಡ್ ಅಥವಾ ಲೈನರ್ ತನ್ನ ಹಿಡಿತ ಕಳೆದುಕೊಳ್ಳುತ್ತದೆ. ಅದರೊಳಗಿನ ಅಂಟು ಸುಟ್ಟು ಅನಿಲವಾಗಿ ಹೊರಬರುತ್ತದೆ, ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತದೆ. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ತುಳಿದರೂ ಕಾರು ನಿಲ್ಲುವುದಿಲ್ಲ. ಎರಡನೆಯದು ಇನ್ನೂ ಭೀಕರ. ಬಿಸಿ ಪಿಸ್ಟನ್ನಿನ ಮೂಲಕ ದ್ರವಕ್ಕೆ ದಾಟಿ, ದ್ರವ ಕುದಿಯುತ್ತದೆ. ದ್ರವವನ್ನು ಅಮುಕಿ ಸಣ್ಣದು ಮಾಡಲಾಗದು, ಆವಿಯನ್ನು ಮಾಡಬಹುದು. ಪ್ಯಾಡಿಗೂ ಡಿಸ್ಕಿಗೂ ನಡುವಿನ ಸಂದು ಮಿಲಿಮೀಟರಿನ ಸಣ್ಣದೊಂದು ಭಾಗ. ಅದನ್ನು ಮುಚ್ಚಲು ಸರಿಯಬೇಕಾದ ದ್ರವ ತೀರ ಕಡಿಮೆ. ಹೀಗಾಗಿ ಪೈಪಿನಲ್ಲಿ ಸಣ್ಣ ಆವಿಯ ಗುಳ್ಳೆಗಳಿದ್ದರೂ ಸಾಕು, ಪೆಡಲಿನ ಇಡೀ ಓಟ ಆ ಗುಳ್ಳೆಗಳನ್ನು ಅಮುಕುವುದರಲ್ಲೇ ಮುಗಿಯುತ್ತದೆ. ಕಾಲು ನೆಲ ಮುಟ್ಟುತ್ತದೆ, ಬ್ರೇಕು ಹಿಡಿಯುವುದಿಲ್ಲ. ಅರ್ಧ ಗಂಟೆ ಬಿಟ್ಟು ನೋಡಿದರೆ ಆವಿ ತಣಿದು ಮತ್ತೆ ದ್ರವವಾಗಿ, ಎಲ್ಲವೂ ಸರಿಯಿರುವಂತೆ ಕಾಣುತ್ತದೆ. (ದೊಡ್ಡ ಬಸ್ಸು, ಲಾರಿಗಳಲ್ಲಿ ಇರುವುದು ಗಾಳಿಯ ಬ್ರೇಕು, ಅಲ್ಲಿ ಮೊದಲನೆಯ ಸೋಲು ಉಂಟು, ದ್ರವ ಕುದಿಯುವ ಮಾತಿಲ್ಲ.)

ದ್ರವ ಎಷ್ಟು ಬಿಸಿಗೆ ಕುದಿಯುತ್ತದೆ ಎಂಬುದು ಅದರ ವಯಸ್ಸಿಗೆ ಬಿಟ್ಟದ್ದು. ಗ್ಯಾರೇಜಿನಲ್ಲಿ ಬ್ರೇಕ್ ಆಯಿಲ್ ಎನ್ನುವ ಇದು ಗ್ಲೈಕಾಲ್ ಜಾತಿಯ ರಾಸಾಯನಿಕ; ಗಾಳಿಯ ತೇವವನ್ನು ಹೀರಿಕೊಳ್ಳುವುದು ಅದರ ಗುಣ. ರಬ್ಬರ್ ಹೋಸುಗಳ ಮೂಲಕ, ಡಬ್ಬಿಯ ಮುಚ್ಚಳದ ಮೂಲಕ ತೇವ ಸೇರುತ್ತಲೇ ಇರುತ್ತದೆ. ಡಬ್ಬಿಯ ಮೇಲೆ ಬರೆದಿರುವ ಡಾಟ್ 3, ಡಾಟ್ 4 ಎಂಬ ದರ್ಜೆಗಳು ಹೇಳುವುದು ಇದನ್ನೇ. ಡಾಟ್ 3 ದ್ರವ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು, ಶೇಕಡ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಈ ಅಂಕಿಗಳು 230 ಮತ್ತು 155. ನೂರಕ್ಕೆ ನಾಲ್ಕು ಪಾಲೂ ಇಲ್ಲದ ನೀರು 65, 75 ಡಿಗ್ರಿಯಷ್ಟು ರಕ್ಷಣೆಯನ್ನು ಕಿತ್ತುಕೊಳ್ಳುತ್ತದೆ. ಘಾಟಿಯ ಕೊನೆಯ ತಿರುವಿನಲ್ಲಿ ಬೇಕಾಗುವುದು ಆ ರಕ್ಷಣೆಯೇ. ಹೆಚ್ಚಿನ ಕಂಪನಿಗಳು ಎರಡು ವರ್ಷಕ್ಕೊಮ್ಮೆ ದ್ರವ ಬದಲಾಯಿಸಲು ಹೇಳುವುದಕ್ಕೆ ಇದು ಕಾರಣ. ನೀರು ಸೇರಿದ ದ್ರವದಿಂದ ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರುಗಳ ಒಳಮೈಗೆ ತುಕ್ಕು ಹಿಡಿಯುವುದು ಬೇರೆ.

ನಮ್ಮ ಕಾರು ವರ್ಷಕ್ಕೆ ನಾಲ್ಕೈದು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು, ನಮಗೆ ಇದೆಲ್ಲ ಯಾಕೆ ಎನ್ನುವವರಿದ್ದಾರೆ. ತೇವಕ್ಕೆ ಕಿಲೋಮೀಟರಿನ ಲೆಕ್ಕವಿಲ್ಲ. ಮಂಗಳೂರಿನ ಶೆಡ್ಡಿನಲ್ಲಿ ಮಳೆಗಾಲವಿಡೀ ಸುಮ್ಮನೆ ನಿಂತ ಕಾರಿನ ದ್ರವವೂ ತೇವ ಹೀರುತ್ತದೆ. ಡಬ್ಬಿಯಲ್ಲಿ ಆಯಿಲ್ ಪೂರ್ತಿ ಇದೆ, ಮೆಕ್ಯಾನಿಕ್ ನೋಡಿ ಸರಿಯಿದೆ ಎಂದಿದ್ದಾನೆ ಎಂಬುದು ಇನ್ನೊಂದು ಸಮಾಧಾನ. ಮಟ್ಟಕ್ಕೂ ಗುಣಕ್ಕೂ ಸಂಬಂಧವಿಲ್ಲ. ಹಳೆಯ ದ್ರವವೂ ಡಬ್ಬಿ ತುಂಬ ಇರಬಹುದು. ಮಟ್ಟ ನಿಧಾನವಾಗಿ ಇಳಿಯುವುದಕ್ಕೂ ಅರ್ಥವಿದೆ. ಪ್ಯಾಡ್ ಸವೆದಂತೆ ಪಿಸ್ಟನ್ ಹೊರಬಂದು ಅದರ ಹಿಂದಿನ ಜಾಗಕ್ಕೆ ದ್ರವ ಹೋಗುತ್ತದೆ. ಹಾಗಾಗಿ ಇಳಿದ ಮಟ್ಟ ಪ್ಯಾಡ್ ನೋಡಿ ಎಂಬ ಸೂಚನೆ. ಪ್ಯಾಡ್ ಸರಿಯಿದ್ದರೆ ಎಲ್ಲೋ ಸೋರಿಕೆಯಿದೆ ಎಂಬ ಸೂಚನೆ. ಏನನ್ನೂ ನೋಡದೆ ಮೇಲಿಂದ ಸುರಿದು ತುಂಬಿಸಿದರೆ ಆ ಸೂಚನೆಯನ್ನೇ ಅಳಿಸಿ ಹಾಕಿದಂತಾಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ, ಕೈಗೆ ಸಿಕ್ಕ ಎಂಜಿನ್ ಆಯಿಲ್ ಸುರಿಯುವುದು. ಖನಿಜ ತೈಲ ತಾಗಿದರೆ ಬ್ರೇಕಿನ ರಬ್ಬರ್ ಸೀಲುಗಳೆಲ್ಲ ಉಬ್ಬಿ ಕೆಡುತ್ತವೆ. ಆಮೇಲೆ ಇಡೀ ವ್ಯವಸ್ಥೆಯ ರಬ್ಬರನ್ನೇ ಬದಲಾಯಿಸಬೇಕಾಗುತ್ತದೆ.

ಇಳಿಜಾರಿನಲ್ಲಿ ಗೇರಿನ ವಿಷಯಕ್ಕೆ ಬಂದರೆ ಪೆಟ್ರೋಲ್ ಉಳಿಯಲಿ ಎಂದು ನ್ಯೂಟ್ರಲ್‌ಗೆ ಹಾಕುವ ರೂಢಿ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಕಾರ್ಬುರೇಟರ್ ಕಾಲದಲ್ಲಿ ಅದರಲ್ಲಿ ಕೊಂಚ ಹುರುಳಿದ್ದಿರಬಹುದು. ಈಗಿನ ಇಂಜೆಕ್ಷನ್ ಕಾರುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಕಂಪ್ಯೂಟರ್ ಇಂಧನವನ್ನು ಪೂರ್ತಿ ನಿಲ್ಲಿಸುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ತಾನೇ ಓಡಬೇಕಾದ್ದರಿಂದ ಇಂಧನ ಖರ್ಚಾಗುತ್ತಲೇ ಇರುತ್ತದೆ. ಎಂದರೆ ಉಳಿತಾಯದ ಲೆಕ್ಕವೂ ತಪ್ಪು. ಎಂಜಿನ್ ಆಫ್ ಮಾಡಿ ಇಳಿಯುವುದಂತೂ ಹುಚ್ಚು ಸಾಹಸ: ಬೂಸ್ಟರಿನಲ್ಲಿ ಉಳಿದ ನಿರ್ವಾತ ಎರಡು ಮೂರು ಸಲ ಬ್ರೇಕ್ ಒತ್ತುವಷ್ಟರಲ್ಲಿ ಮುಗಿಯುತ್ತದೆ, ಆಮೇಲೆ ಪೆಡಲ್ ಕಲ್ಲಿನಂತಾಗುತ್ತದೆ, ಪವರ್ ಸ್ಟೀರಿಂಗಿನ ನೆರವೂ ಹೋಗುತ್ತದೆ. ಕೆಳಗಿನ ಗೇರಿನಲ್ಲಿ ಇಳಿದರೆ ಎಂಜಿನ್ ಹಾಳಾಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ, ಆರ್‌ಪಿಎಂ ಕೆಂಪು ಗೆರೆ ದಾಟದಿದ್ದರಾಯಿತು. ಎರಡನೆಯ ಗೇರಿನಲ್ಲಿ, ತೀರ ಕಡಿದಾದಲ್ಲಿ ಒಂದರಲ್ಲಿ ಇಳಿಯುತ್ತಾ, ಬ್ರೇಕನ್ನು ಸದಾ ಮೆಲ್ಲಗೆ ಒತ್ತಿಟ್ಟುಕೊಳ್ಳದೆ, ಬೇಕಾದಾಗ ಗಟ್ಟಿಯಾಗಿ ಒತ್ತಿ ಬಿಟ್ಟರೆ ನಡುನಡುವೆ ಡಿಸ್ಕಿಗೆ ಆರಲು ಸಮಯ ಸಿಗುತ್ತದೆ.

2019ರ ಏಪ್ರಿಲ್‌ನಿಂದ ನಮ್ಮ ದೇಶದ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯವಾಗಿದೆ, ಇನ್ನು ಇಷ್ಟೊಂದು ಚಿಂತೆ ಏಕೆ ಎಂಬ ಆಕ್ಷೇಪವೂ ಬರುತ್ತದೆ. ಎಬಿಎಸ್ ಒಳ್ಳೆಯದು, ಚಕ್ರ ಲಾಕ್ ಆಗದಂತೆ ನೋಡಿಕೊಂಡು, ಬ್ರೇಕ್ ಒತ್ತಿದಾಗಲೂ ಸ್ಟೀರಿಂಗ್ ನಮ್ಮ ಮಾತು ಕೇಳುವಂತೆ ಮಾಡುತ್ತದೆ. ಅದು ಮಾಡುವುದು ಇರುವ ಒತ್ತಡವನ್ನು ಸೆಕೆಂಡಿಗೆ ಹಲವು ಬಾರಿ ಏರಿಳಿಸುವ ಕೆಲಸ. ಕುದ್ದ ದ್ರವದಿಂದ ಒತ್ತಡವೇ ಬರದಿದ್ದರೆ, ಸವೆದ ಪ್ಯಾಡಿನಲ್ಲಿ ಹಿಡಿತವೇ ಇಲ್ಲದಿದ್ದರೆ ಏರಿಳಿಸಲು ಏನೂ ಉಳಿದಿರುವುದಿಲ್ಲ. ಅದರ ನವಿರಾದ ವಾಲ್ವುಗಳು ಹಳೆಯ ದ್ರವದ ಕಸರಿಗೆ, ತುಕ್ಕಿಗೆ ಹೆಚ್ಚು ಸೂಕ್ಷ್ಮ ಕೂಡ; ಎಬಿಎಸ್ ಘಟಕ ಕೆಟ್ಟರೆ ಬೀಳುವ ಖರ್ಚಿನ ಮುಂದೆ ಎರಡು ವರ್ಷಕ್ಕೊಮ್ಮೆ ಹಾಕಿಸುವ ದ್ರವದ ಬೆಲೆ ಲೆಕ್ಕಕ್ಕೇ ಇಲ್ಲ.

ದ್ರವದ ನಂತರ ನನ್ನ ಕಾಳಜಿ ಕ್ಯಾಲಿಪರಿನ ಪಿನ್ನುಗಳದ್ದು. ನಮ್ಮ ಬಹುತೇಕ ಕಾರುಗಳ ಕ್ಯಾಲಿಪರಿನಲ್ಲಿ ಪಿಸ್ಟನ್ ಒಂದೇ ಕಡೆ ಇರುತ್ತದೆ. ಅದು ಒಳಗಿನ ಪ್ಯಾಡನ್ನು ಒತ್ತಿದಾಗ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದುಕೊಳ್ಳುತ್ತದೆ. ಪಿನ್ನಿನ ರಬ್ಬರ್ ತೊಡುಗೆ ಹರಿದು ನೀರು ಹೊಕ್ಕರೆ ತುಕ್ಕು ಹಿಡಿದು ಜಾಮ್ ಆಗುತ್ತದೆ. ಆಗ ಒಂದು ಪ್ಯಾಡ್ ತಗಡಿನಷ್ಟು ತೆಳುವಾಗಿ, ಅದರ ಜೋಡಿ ಹೊಸದರಂತೆ ಉಳಿಯುತ್ತದೆ. ಕಾರು ಬ್ರೇಕ್ ಒತ್ತಿದಾಗ ಒಂದು ಪಕ್ಕಕ್ಕೆ ಎಳೆಯುತ್ತದೆ, ಒಂದು ಚಕ್ರ ಮಾತ್ರ ಸುಡುವಷ್ಟು ಬಿಸಿಯಾಗುತ್ತದೆ. ಪ್ಯಾಡ್ ಬದಲಾಯಿಸುವಾಗಲೆಲ್ಲ ಪಿನ್ನು ತೆಗೆದು ಒರೆಸಿ, ಬ್ರೇಕಿಗೆಂದೇ ಇರುವ ಸಿಲಿಕಾನ್ ಗ್ರೀಸ್ ಹಚ್ಚಬೇಕು. ಬೇರಿಂಗ್ ಗ್ರೀಸ್ ಅಲ್ಲಿ ಸಲ್ಲದು, ಅದು ರಬ್ಬರನ್ನು ಕೆಡಿಸುತ್ತದೆ. ಕೆಲವೇ ನಿಮಿಷದ ಈ ಕೆಲಸ ಅವಸರದ ಗ್ಯಾರೇಜುಗಳಲ್ಲಿ ತಪ್ಪಿಹೋಗುವುದರಿಂದ ಕೇಳಿ ಮಾಡಿಸಿಕೊಳ್ಳುವುದು ಒಳ್ಳೆಯದು. ಪ್ಯಾಡಿನ ಲೈನಿಂಗ್ 3 ಮಿ.ಮೀ. ಹತ್ತಿರ ಬಂದರೆ ಬದಲಾಯಿಸುವುದು ರೂಢಿ, ಎಡ ಬಲ ಜೋಡಿಯಾಗಿಯೇ. ಡಿಸ್ಕಿನ ಕನಿಷ್ಠ ದಪ್ಪ, ಡ್ರಮ್ಮಿನ ಗರಿಷ್ಠ ವ್ಯಾಸ ಎರಡನ್ನೂ ಹೆಚ್ಚಾಗಿ ಅವುಗಳ ಮೈಮೇಲೇ ಅಚ್ಚು ಹಾಕಿರುತ್ತಾರೆ. ಲೇತ್‌ಗೆ ಹಾಕಿಸುವ ಮುನ್ನ ಆ ಅಂಕಿ ನೋಡದಿದ್ದರೆ ತೆಳುವಾದ, ಬೇಗ ಬಿಸಿಯೇರುವ ಡಿಸ್ಕಿನೊಂದಿಗೆ ಮನೆಗೆ ಬರುತ್ತೇವೆ.

ಡ್ರಮ್ಮಿನ ದೊಡ್ಡ ತೊಂದರೆಯೆಂದರೆ ಅದು ಮುಚ್ಚಿರುವುದು. ಬಿಚ್ಚದೆ ಏನೂ ಕಾಣುವುದಿಲ್ಲ, ಬಿಚ್ಚಲು ಯಾರಿಗೂ ಮನಸ್ಸಿಲ್ಲ. ಲೈನರ್ ಸವೆದ ಪುಡಿ ಒಳಗೇ ಕೂತು ಅಡ್ಜಸ್ಟರಿನ ಹಲ್ಲುಗಳಿಗೆ ಮೆತ್ತಿಕೊಳ್ಳುತ್ತದೆ. ಆಗ ಶೂ ಸವೆದರೂ ಸಂದು ತಾನಾಗಿ ಸರಿಹೋಗುವುದಿಲ್ಲ. ಪೆಡಲ್ ಆಳಕ್ಕೆ ಹೋಗುತ್ತದೆ, ಹ್ಯಾಂಡ್ ಬ್ರೇಕ್ ಮೊದಲಿಗಿಂತ ಮೇಲೆ ಬರುತ್ತದೆ. ಹ್ಯಾಂಡ್ ಬ್ರೇಕಿನ ಕೇಬಲನ್ನಷ್ಟೇ ಬಿಗಿ ಮಾಡಿ ಕೊಟ್ಟರೆ ಮೂಲ ದೋಷ ಮರೆಯಾಗುತ್ತದೆ, ಹೋಗುವುದಿಲ್ಲ. ವೀಲ್ ಸಿಲಿಂಡರ್ ಸೋರಿ ಲೈನರ್ ಒದ್ದೆಯಾಗಿದ್ದರೂ ಬಿಚ್ಚುವವರೆಗೆ ತಿಳಿಯದು. ವರ್ಷಕ್ಕೊಮ್ಮೆ ಡ್ರಮ್ ಬಿಚ್ಚಿಸಿ ಶುಚಿ ಮಾಡಿಸುವುದು ಇದಕ್ಕೆಲ್ಲ ಮದ್ದು. ಆ ಪುಡಿಯನ್ನು ಗಾಳಿಯ ಪೈಪು ಹಿಡಿದು ಊದುವುದು ಮಾತ್ರ ಬೇಡ. ಹಳೆಯ ಲೈನರುಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು. ಉಸಿರಿನೊಡನೆ ಒಳಹೋದ ಅದರ ಎಳೆಗಳು ಕ್ಯಾನ್ಸರಿಗೆ ಕಾರಣವಾಗುತ್ತವೆ. ಅದಿಲ್ಲದ ಪುಡಿಯೂ ಶ್ವಾಸಕೋಶಕ್ಕೆ ಹಿತವಲ್ಲ. ಬ್ರೇಕ್ ಕ್ಲೀನರ್ ಸಿಂಪಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದರೆ ಕೆಲಸ ಮಾಡುವ ಹುಡುಗನಿಗೂ ಕ್ಷೇಮ. ಕರಾವಳಿ, ಮಲೆನಾಡಿನವರಿಗೆ ಇನ್ನೊಂದು ಮಾತು: ಮಳೆಗಾಲದಲ್ಲಿ ಕಾರನ್ನು ವಾರಗಟ್ಟಲೆ ನಿಲ್ಲಿಸುವುದಾದರೆ ಹ್ಯಾಂಡ್ ಬ್ರೇಕ್ ಎಳೆದಿಡಬೇಡಿ, ಶೂ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಸಮತಟ್ಟಾದ ಜಾಗದಲ್ಲಿ ಗೇರಿಗೆ ಹಾಕಿ ಚಕ್ರಕ್ಕೆ ಕಲ್ಲು ಕೊಟ್ಟರೆ ಸಾಕು.

ವಿದ್ಯುತ್ ಕಾರುಗಳು ಬಂದ ಮೇಲೆ ಡ್ರಮ್ಮಿನ ಬಗೆಗಿನ ತಿರಸ್ಕಾರವನ್ನು ಎಂಜಿನಿಯರುಗಳೇ ಮರುಪರಿಶೀಲಿಸುತ್ತಿದ್ದಾರೆ. ಅಲ್ಲಿ ವೇಗ ಇಳಿಸುವ ಕೆಲಸದ ದೊಡ್ಡ ಪಾಲನ್ನು ಮೋಟರೇ ಮಾಡಿ, ಶಕ್ತಿಯನ್ನು ಬ್ಯಾಟರಿಗೆ ಮರಳಿಸುತ್ತದೆ. ಪ್ಯಾಡ್‌ಗಳಿಗೆ ಕೆಲಸ ಕಡಿಮೆಯಾಗಿ ತೆರೆದಿರುವ ಡಿಸ್ಕಿನ ಮೇಲೆ ತುಕ್ಕು ಕೂರುತ್ತದೆ. ಡ್ರಮ್ಮಿನ ಮುಚ್ಚಿದ ಮೈಗೆ ಆ ಕಾಟ ಅಷ್ಟಿಲ್ಲ. ಫೋಕ್ಸ್‌ವ್ಯಾಗನ್ ತನ್ನ ಐಡಿ.3, ಐಡಿ.4 ವಿದ್ಯುತ್ ಕಾರುಗಳ ಹಿಂದಿನ ಚಕ್ರಗಳಿಗೆ ಡ್ರಮ್ ಕೊಟ್ಟದ್ದು ಈ ಲೆಕ್ಕಾಚಾರದ ಮೇಲೆ. ಯುರೋಪಿನ ಯುರೋ 7 ನಿಯಮಗಳು ಹೊಗೆಯ ಜೊತೆಗೆ ಬ್ರೇಕಿನಿಂದ ಉದುರುವ ಕಣಗಳಿಗೂ ಮಿತಿ ಹಾಕಿವೆ. ಪುಡಿಯನ್ನು ತನ್ನೊಳಗೇ ಹಿಡಿದಿಟ್ಟುಕೊಳ್ಳುವ ಡ್ರಮ್ಮಿನ ಗುಣ ಅಲ್ಲೂ ನೆರವಾಗುತ್ತದೆ. ವಿದ್ಯುತ್ ಕಾರಿಗೆ ಸರ್ವಿಸ್ಸೇ ಬೇಡ ಎಂದು ನಂಬಿರುವವರು ಮಾತ್ರ ಒಂದು ವಿಷಯ ಗಮನಿಸಬೇಕು. ಅದರ ಪ್ಯಾಡ್ ಲಕ್ಷ ಕಿಲೋಮೀಟರ್ ಬಾಳಿದರೂ ಪೈಪುಗಳಲ್ಲಿರುವುದು ಅದೇ ಗ್ಲೈಕಾಲ್ ದ್ರವ, ಕ್ಯಾಲಿಪರಿನಲ್ಲಿರುವುದು ಅದೇ ಪಿನ್ನುಗಳು. ಘಾಟಿಯ ಮೇಲೆ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ ಮೋಟರ್ ಶಕ್ತಿಯನ್ನು ಮರಳಿಸಲು ಜಾಗವಿರುವುದಿಲ್ಲ, ಇಳಿಯುವಾಗಿನ ಹೊರೆ ಬಹುಪಾಲು ಈ ದ್ರವದ ಮೇಲೇ ಬೀಳುತ್ತದೆ. ಬೆಟ್ಟದ ಮೇಲಿನ ಹೋಟೆಲಿನಲ್ಲಿ ರಾತ್ರಿ ಚಾರ್ಜಿಗೆ ಹಾಕುವವರು ಶೇಕಡ ಹತ್ತಿಪ್ಪತ್ತು ಪಾಲು ಖಾಲಿ ಬಿಟ್ಟು ಬೆಳಿಗ್ಗೆ ಇಳಿಯಲು ಹೊರಡುವುದು ಒಳ್ಳೆಯದು.